ಫ್ಲಿಪ್ ಫೋನ್ ತಗೊಳ್ಳಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕೈಯಲ್ಲಿರುವುದು ಮಡಚುವ ಸ್ಮಾರ್ಟ್‌ಫೋನ್. ಅಮ್ಮನ ಹತ್ತಿರ ಇರುವುದು ಗುಂಡಿ ಒತ್ತುವ ಫ್ಲಿಪ್. ಮದುವೆ ಮನೆಯಲ್ಲಿ, ಮೆಟ್ರೊದಲ್ಲಿ, ಆಫೀಸ್ ಕ್ಯಾಂಟೀನಿನಲ್ಲಿ ಇವುಗಳಲ್ಲಿ ಒಂದು ಕಣ್ಣಿಗೆ ಬಿದ್ದರೆ ಸಾಕು, ಪ್ರಶ್ನೆಗಳು ಶುರು. ಆಮೇಲೆ ಮೆಸೇಜಿನಲ್ಲೂ ಕೇಳುತ್ತಾರೆ. ಹೆಚ್ಚಾಗಿ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ಎಲ್ಲವನ್ನೂ ಓದಬೇಕಾಗಿಲ್ಲ, ನಿಮಗೆ ಬೇಕಾದದ್ದಕ್ಕೆ ನೇರವಾಗಿ ಹೋಗಿ.

## ಶುರುವಿನ ಪ್ರಶ್ನೆಗಳು

"ಫ್ಲಿಪ್ ಫೋನ್ ಅಂದ್ರೆ ಹಳೇ ಕಾಲದ್ದಾ, ಇಲ್ಲಾ ಈಗ ಜಾಹೀರಾತಲ್ಲಿ ಬರುತ್ತಲ್ಲ, ಅದಾ?"

ಎರಡಕ್ಕೂ ಅದೇ ಹೆಸರು, ಗೊಂದಲ ಆಗುವುದೇ ಅಲ್ಲಿ. ಒಂದು ಕೀಪ್ಯಾಡ್ ಫ್ಲಿಪ್. ಮೇಲಿನ ಅರ್ಧ ಸ್ಕ್ರೀನ್, ಕೆಳಗಿನ ಅರ್ಧ ಗುಂಡಿಗಳು, ಮಧ್ಯೆ ಕೀಲು. ಕರೆ, ಎಸ್ಸೆಮ್ಮೆಸ್, ರೇಡಿಯೊ, ಹೆಚ್ಚೆಂದರೆ ಒಂದು ಸಾಧಾರಣ ಕ್ಯಾಮೆರಾ. ಇನ್ನೊಂದು ಮಡಚುವ ಸ್ಮಾರ್ಟ್‌ಫೋನ್. ಇದರಲ್ಲಿ ಸ್ಕ್ರೀನೇ ಮಧ್ಯಕ್ಕೆ ಬಾಗುತ್ತದೆ. ಬಿಚ್ಚಿದರೆ ಮಾಮೂಲಿ ಆಂಡ್ರಾಯ್ಡ್ ಫೋನಿನಷ್ಟು ಉದ್ದ, ಮುಚ್ಚಿದರೆ ಅಂಗೈಯೊಳಗೆ ಕೂರುತ್ತದೆ. ಇವೆರಡರ ಒಳ್ಳೆಯದು ಕೆಟ್ಟದ್ದು ಬೇರೆ ಬೇರೆ. ಅದಕ್ಕೇ ಮುಂದೆ ಎರಡನ್ನೂ ಬೇರೆ ಮಾಡಿ ಬರೆದಿದ್ದೇನೆ.

"ಇದೇನು ಹೊಸದಾ? ನಮ್ಮ ಕಾಲದಲ್ಲೇ ಇತ್ತಲ್ಲ!"

ಇತ್ತು. ಮೊಟೊರೊಲಾದ ಸ್ಟಾರ್‌ಟ್ಯಾಕ್ ಬಂದದ್ದು 1996ರಲ್ಲಿ. 2004ರಲ್ಲಿ ಅದೇ ಕಂಪನಿಯ ರೇಜರ್ ವಿ3 ಬಂತು, ಆಗ ಅದು ಜೇಬಿನಲ್ಲಿದ್ದರೆ ದೊಡ್ಡ ವಿಷಯ. ಟಚ್‌ಸ್ಕ್ರೀನ್ ಬಂದ ಮೇಲೆ ಫ್ಲಿಪ್‌ಗಳು ಮೂಲೆ ಸೇರಿದವು. 2020ರ ಫೆಬ್ರವರಿಯಲ್ಲಿ ಸ್ಯಾಮ್ಸಂಗ್ ಗ್ಯಾಲಕ್ಸಿ ಝಡ್ ಫ್ಲಿಪ್ ತಂದಿತು, ಮೊಟೊರೊಲಾವೂ ರೇಜರ್ ಹೆಸರನ್ನೇ ಮಡಚುವ ಸ್ಕ್ರೀನಿಗೆ ಇಟ್ಟಿತು. ಒಂದು ತಮಾಷೆ ನೋಡಿ: ಆ ಕಾಲಕ್ಕೆ ತೆಳ್ಳಗೆ ಎಂದು ಕೊಂಡಾಡಿದ ರೇಜರ್ ವಿ3 ಮುಚ್ಚಿದಾಗ 13.9 ಮಿಲಿಮೀಟರ್ ದಪ್ಪ ಇತ್ತು. 2025ರ ಝಡ್ ಫ್ಲಿಪ್ 7 ಮುಚ್ಚಿದಾಗ 13.7. ಸ್ಕ್ರೀನು ಎಷ್ಟೋ ದೊಡ್ಡದಾಗಿದೆ, ದಪ್ಪ ಹಾಗೇ ಇದೆ.

"ಎಷ್ಟಾಗುತ್ತೆ?"

ಕೀಪ್ಯಾಡ್ ಫ್ಲಿಪ್ ಐದು ಸಾವಿರದ ಆಸುಪಾಸು, ಇಲ್ಲವೇ ಅದಕ್ಕಿಂತ ಕಡಿಮೆ. ನೋಕಿಯಾ 2660 ಫ್ಲಿಪ್ 2022ರಲ್ಲಿ ಇಲ್ಲಿ ಬಂದಾಗ 4,699 ರೂಪಾಯಿ ಇತ್ತು. ಮಡಚುವ ಸ್ಮಾರ್ಟ್‌ಫೋನಿನಲ್ಲಿ ಅಂತರ ಜಾಸ್ತಿ. 2025ರಲ್ಲಿ ಮೊಟೊರೊಲಾ ರೇಜರ್ 60 ಬಂದದ್ದು 49,999ಕ್ಕೆ, ಝಡ್ ಫ್ಲಿಪ್ 7 ಬಂದದ್ದು 1,09,999ಕ್ಕೆ. ಬಿಡುಗಡೆಯಾದ ಕೆಲವು ತಿಂಗಳಿಗೆ ಹಬ್ಬದ ಮಾರಾಟದಲ್ಲಿ ಬೆಲೆ ಚೆನ್ನಾಗಿ ಇಳಿಯುತ್ತದೆ. ಮೊದಲ ವಾರವೇ ಓಡಿಹೋಗಿ ತರಬೇಡಿ.

"ಸುತ್ತಿ ಬಳಸಿ ಹೇಳ್ಬೇಡಿ. ತಗೊಳ್ಳಲಾ, ಬೇಡ್ವಾ?"

ದಿನವಿಡೀ ಫೋನಿನಲ್ಲೇ ಕೆಲಸ, ಒಂದು ಫೋನ್ ನಾಲ್ಕೈದು ವರ್ಷ ಬರಬೇಕು, ಕೆಟ್ಟರೆ ರಿಪೇರಿಗೆ ದೊಡ್ಡ ಮೊತ್ತ ತೆರಲು ಆಗುವುದಿಲ್ಲ ಅನ್ನುವವರಿಗೆ ಮಡಚುವ ಸ್ಮಾರ್ಟ್‌ಫೋನ್ ಬೇಡ. ಅದೇ ದುಡ್ಡಿಗೆ ಮಡಚದ ಫೋನಿನಲ್ಲಿ ಒಳ್ಳೆಯ ಕ್ಯಾಮೆರಾ, ದೊಡ್ಡ ಬ್ಯಾಟರಿ ಎರಡೂ ಸಿಗುತ್ತವೆ. ಕೀಪ್ಯಾಡ್ ಫ್ಲಿಪ್ ವಿಷಯ ಬೇರೆ. ಮನೆಯ ಹಿರಿಯರಿಗೆ, ಇಲ್ಲವೇ ಎರಡನೇ ಫೋನಾಗಿ, ಅಷ್ಟು ಕಡಿಮೆ ಖರ್ಚಿನಲ್ಲಿ ಅಷ್ಟು ನೆಮ್ಮದಿ ಕೊಡುವ ಸಾಮಾನು ಕಡಿಮೆ. ಆದರೆ ಬೆಂಗಳೂರಿನಲ್ಲಿ ಅದೊಂದನ್ನೇ ನಂಬಿಕೊಂಡು ದುಡಿಯುವ ವಯಸ್ಸಿನವರು ಓಡಾಡುವುದು ಕಷ್ಟ.

"ಮಡಚೋದ್ರಿಂದ ಏನು ಸಿಗುತ್ತೆ? ಸುಮ್ನೆ ಶೋಕಿ ಅಲ್ವಾ?"

ಶೋಕಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಲಾಭ ಮುಚ್ಚುವುದರಲ್ಲಿದೆ. ಮಾಮೂಲಿ ಫೋನ್ ಮೇಜಿನ ಮೇಲಿದ್ದರೆ ಅದರ ಮುಖ ಯಾವಾಗಲೂ ನಮ್ಮ ಕಡೆಗೇ. ಫ್ಲಿಪ್ ಹಾಗಲ್ಲ. ಟಪ್ ಅಂತ ಮುಚ್ಚಿದರೆ ಮಾತು ಮುಗಿಯಿತು, ರೀಲು ಮುಗಿಯಿತು. ಮತ್ತೆ ನೋಡಬೇಕಾದರೆ ಬೇಕೆಂದೇ ಬಿಚ್ಚಬೇಕು. ಆ ಒಂದು ಚಿಕ್ಕ ಕೆಲಸ ಎಷ್ಟೋ ಸಲ ಬೇಡ ಬಿಡು ಅನಿಸುತ್ತದೆ. ನನಗಂತೂ ಹೊರಗಿನ ಚಿಕ್ಕ ಸ್ಕ್ರೀನಿನಲ್ಲಿ ಯಾರ ಮೆಸೇಜು ಅಂತ ಕಂಡರೆ ಸಾಕು, ಒಳಗೆ ಹೋಗುವುದು ಕಡಿಮೆಯಾಗಿದೆ.

ಉಳಿದದ್ದು ಜೇಬಿನ ವಿಷಯ. ಶರ್ಟಿನ ಜೇಬಿನಲ್ಲಿ ಪೂರ್ತಿ ಒಳಗೆ ಹೋಗುತ್ತದೆ, ಬಗ್ಗಿದರೆ ಬೀಳುವುದಿಲ್ಲ. ಕುರ್ತಾದ ಜೇಬಿಗೂ ಹಿಡಿಸುತ್ತದೆ. ಹೆಣ್ಣುಮಕ್ಕಳ ಬಟ್ಟೆಗೆ ಜೇಬು ಹೊಲಿಯುವಾಗ ದರ್ಜಿಗಳು ಯಾಕಷ್ಟು ಜಿಪುಣತನ ಮಾಡುತ್ತಾರೋ ದೇವರಿಗೇ ಗೊತ್ತು. ಆ ಜೇಬಿಗೆ ಹೊಂದುವ ಸ್ಮಾರ್ಟ್‌ಫೋನ್ ಅಂದರೆ ಇದೊಂದೇ. ಒಳಗಿನ ಸ್ಕ್ರೀನ್ ಮುಚ್ಚಿಯೇ ಇರುವುದರಿಂದ ಬ್ಯಾಗಿನಲ್ಲಿ ಬೀಗದ ಕೈ ತಾಗಿ ಗೀರು ಬೀಳುವ ಭಯವೂ ಇಲ್ಲ.

## ಕೀಪ್ಯಾಡ್ ಫ್ಲಿಪ್ ಬಗ್ಗೆ

"ಬೀರುವಿನಲ್ಲಿ ಹಳೇ ಫ್ಲಿಪ್ ಸಿಕ್ತು. ಸಿಮ್ ಹಾಕಿದ್ರೆ ನಡೆಯುತ್ತಾ?"

ಯಾವ ಫೋನು ಅನ್ನುವುದರ ಮೇಲೆ. 2003ರ ಸುಮಾರಿಗೆ ರಿಲಯನ್ಸ್ 501 ರೂಪಾಯಿಯ ಯೋಜನೆಯಲ್ಲಿ ಮನೆ ಮನೆಗೆ ಬಂದ ಕಾಲದ ಸಿಡಿಎಂಎ ಫೋನಾದರೆ ಆಸೆ ಬಿಡಿ. ಆ ನೆಟ್‌ವರ್ಕ್ ಈಗ ಇಲ್ಲ. ಅವುಗಳಲ್ಲಿ ಎಷ್ಟಕ್ಕೋ ಸಿಮ್ ಹಾಕುವ ಜಾಗವೇ ಇರಲಿಲ್ಲ. ರೇಜರ್ ವಿ3 ತರಹದ ಜಿಎಸ್‌ಎಂ ಫೋನಾದರೆ ಏರ್‌ಟೆಲ್ ಅಥವಾ ವಿಐ ಸಿಮ್ಮಿನಲ್ಲಿ ಕರೆ ಬರುತ್ತದೆ, ಯಾಕೆಂದರೆ ಅವರ 2ಜಿ ಇನ್ನೂ ಇದೆ. ಜಿಯೊ ಸಿಮ್ ಕೆಲಸ ಮಾಡುವುದಿಲ್ಲ, ಅದಕ್ಕೆ 2ಜಿಯೇ ಇಲ್ಲ. ಈಗಿನ ನ್ಯಾನೊ ಸಿಮ್ ಕೂರಿಸಲು ಅಡಾಪ್ಟರ್ ಬೇಕು, ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ.

ಚಾರ್ಜಿಗೆ ಹಾಕುವ ಮೊದಲು ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ನೋಡಿ. ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿದಾಗ ಬುಗುರಿ ತರಹ ಸುತ್ತಿದರೆ ಅದು ಊದಿಕೊಂಡಿದೆ. ಮುಟ್ಟಬೇಡಿ, ಬೇರೆ ತನ್ನಿ.

"ಅಮ್ಮನಿಗೆ 75. ಅವರಿಗೆ ಸರಿಹೋಗುತ್ತಾ?"

ನನ್ನ ಅಮ್ಮನಿಗೆ ಸರಿಹೋಗಿದೆ. ಕಾರಣ ಸರಳ. ಕರೆ ಬಂದರೆ ಬಿಚ್ಚಬೇಕು, ಮುಗಿದರೆ ಮುಚ್ಚಬೇಕು. ಹಸಿರು ವೃತ್ತವನ್ನು ಮೇಲಕ್ಕೆ ಎಳೆಯಬೇಕೋ ಪಕ್ಕಕ್ಕೆ ತಳ್ಳಬೇಕೋ ಅನ್ನುವ ಗಡಿಬಿಡಿ ಇಲ್ಲ. ಸ್ಮಾರ್ಟ್‌ಫೋನಿದ್ದಾಗ ಅಮ್ಮ ಕರೆ ಮುಗಿಸಿ ಕಟ್ ಮಾಡದೆ ಮೇಜಿನ ಮೇಲಿಡುತ್ತಿದ್ದರು, ಅಡುಗೆಮನೆಯ ಮಾತೆಲ್ಲ ಬೀಗರಿಗೆ ಕೇಳಿಸುತ್ತಿತ್ತು. ಈಗ ಆ ಅಪಾಯ ತಪ್ಪಿದೆ.

ಗುಂಡಿ ಒತ್ತಿದ್ದು ಬೆರಳಿಗೆ ಗೊತ್ತಾಗುತ್ತದೆ. ಕೈ ಒಣಗಿ ಟಚ್ ಹಿಡಿಯದ ಹಿರಿಯರಿಗೆ ಇದು ದೊಡ್ಡ ಉಪಕಾರ. ನೋಕಿಯಾ 2660ರಲ್ಲಿ ತುರ್ತು ಗುಂಡಿ ಇದೆ. ಐದು ಜನರ ನಂಬರ್ ಹಾಕಿಟ್ಟರೆ ಒಂದು ಒತ್ತಿಗೆ ಒಬ್ಬೊಬ್ಬರಿಗೇ ಕರೆ ಹೋಗುತ್ತದೆ. ಕಿವಿಯ ಮಷೀನು ಹಾಕುವವರಿಗೂ ಅದು ಹೊಂದುವಂತೆ ಮಾಡಿದ್ದಾರೆ.

ಕೊರತೆಯನ್ನೂ ಹೇಳಬೇಕು. ಮೊಮ್ಮಗುವಿನ ಮುಖ ನೋಡುತ್ತಾ ವಿಡಿಯೊ ಕಾಲ್ ಮಾಡಲು ಆಗುವುದಿಲ್ಲ. ಎಷ್ಟೋ ಅಜ್ಜಿಯರಿಗೆ ಫೋನ್ ಬೇಕಾಗಿರುವುದೇ ಅದಕ್ಕೆ, ಅಲ್ವಾ? ಅಂಥವರಿಗೆ ಮನೆಯಲ್ಲಿ ವೈಫೈಗೆ ಒಂದು ಹಳೆಯ ಟ್ಯಾಬ್ಲೆಟ್ ಇಟ್ಟು, ಹೊರಗೆ ಹೋಗಲು ಫ್ಲಿಪ್ ಕೊಡಿ. ಇನ್ನೊಂದು, ಫೋನಿನ ಮೆನುವಿನಲ್ಲಿ ಕನ್ನಡ ಇದೆಯಾ ಅಂತ ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿ. ಕವರಿನ ಮೇಲೆ ಬರೆದದ್ದನ್ನು ನಂಬಬೇಡಿ.

"ಇದರಲ್ಲಿ ವಾಟ್ಸಾಪ್ ಬರುತ್ತಾ?"

ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಮೊದಲು ಕೈಓಎಸ್ (ಗುಂಡಿ ಫೋನಿಗೆಂದೇ ಮಾಡಿದ ಸಾಫ್ಟ್‌ವೇರ್) ಇರುವ ಕೆಲವು ಫೋನ್‌ಗಳಲ್ಲಿ, ಉದಾಹರಣೆಗೆ ನೋಕಿಯಾ 2720 ಫ್ಲಿಪ್‌ನಲ್ಲಿ, ವಾಟ್ಸಾಪ್ ಇತ್ತು. 2024ರ ಜೂನ್‌ನಿಂದ ಕೈಓಎಸ್‌ಗೆ ಹೊಸದಾಗಿ ವಾಟ್ಸಾಪ್ ಹಾಕಿಕೊಳ್ಳುವುದನ್ನೇ ನಿಲ್ಲಿಸಿದರು. 2660ರಲ್ಲಿ ಅದು ಮೊದಲಿನಿಂದಲೂ ಇಲ್ಲ. ಹಳೆಯ ಜಾಹೀರಾತು ತೋರಿಸಿ "ಇದರಲ್ಲಿ ವಾಟ್ಸಾಪ್ ಇದೆ ಸಾರ್" ಅನ್ನುವ ಅಂಗಡಿಯವರಿಗೆ, ಹಾಗಾದರೆ ಹಾಕಿ ತೋರಿಸಿ ಅನ್ನಿ.

"ಯುಪಿಐ ಇಲ್ದೆ ಬೆಂಗಳೂರಲ್ಲಿ ಬದುಕೋಕ್ಕಾಗುತ್ತಾ?"

ಪೂರ್ತಿ ಇಲ್ಲದೆ ಇರಬೇಕಾಗಿಲ್ಲ. ಗುಂಡಿ ಫೋನುಗಳಿಗೆಂದೇ ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಶುರು ಮಾಡಿತು. ಒಂದು ನಂಬರಿಗೆ ಕರೆ ಮಾಡಿ, ಅದು ಕೇಳಿದ್ದಕ್ಕೆ ಗುಂಡಿ ಒತ್ತುತ್ತಾ ಹೋದರೆ ದುಡ್ಡು ಹೋಗುತ್ತದೆ. ಮೊದಲು ಒಂದು ಸಲಕ್ಕೆ 5,000 ರೂಪಾಯಿ ಮಿತಿ ಇತ್ತು, ಆಮೇಲೆ 10,000ಕ್ಕೆ ಏರಿಸಿದರು. ಇಂಟರ್‌ನೆಟ್ ಬೇಡದ *99# ಕೂಡ ಇದೆ.

ಆದರೆ ವಾಸ್ತವ ಹೇಳುತ್ತೇನೆ. ದರ್ಶಿನಿಯ ಕೌಂಟರಿನಲ್ಲಿ ಹಿಂದೆ ಎಂಟು ಜನ ನಿಂತಿರುವಾಗ ಕರೆ ಮಾಡಿ, ಮೆನು ಕೇಳಿ, ಪಿನ್ ಒತ್ತಿ ಇಡ್ಲಿಗೆ ದುಡ್ಡು ಕೊಡಲು ಆಗುವುದಿಲ್ಲ. ಮನೆಯಲ್ಲಿ ಕೂತು ಯಾರಿಗಾದರೂ ಕಳಿಸಲು ಇದು ಚೆನ್ನಾಗಿದೆ. ಹೊರಗೆ ನಗದು ಇಟ್ಟುಕೊಳ್ಳಿ, ಚಿಲ್ಲರೆ ಜಾಸ್ತಿ ಇಟ್ಟುಕೊಳ್ಳಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸುಗಳು ಬಂದಾಗ ನಮ್ಮ ಊರಿನ ಎಷ್ಟೋ ಚಿಕ್ಕ ಅಂಗಡಿಗಳು ಕ್ಯೂಆರ್ ಹಾಳೆ ಕಿತ್ತು "ನಗದು ಮಾತ್ರ" ಅಂತ ಬೋರ್ಡು ಹಾಕಿದ್ದವು. ಆ ಕೆಲವು ದಿನ ಪರ್ಸಿನಲ್ಲಿ ನೋಟು ಇಟ್ಟುಕೊಳ್ಳುವ ಅಭ್ಯಾಸ ಇದ್ದ ಅಮ್ಮ ನಮ್ಮೆಲ್ಲರ ಬ್ಯಾಂಕ್ ಆಗಿದ್ದರು.

"ಮೆಟ್ರೊ, ಬಸ್ಸು, ಆಟೊ ಹೇಗೆ?"

ಮೆಟ್ರೊಗೆ ಫೋನೇ ಬೇಡ. ವಾಟ್ಸಾಪ್‌ನಲ್ಲಿ ಕ್ಯೂಆರ್ ಟಿಕೆಟ್ 2022ರ ನವೆಂಬರ್‌ನಿಂದ ಇದೆ ನಿಜ, ಆದರೆ ಸ್ಮಾರ್ಟ್ ಕಾರ್ಡ್ ಇದ್ದರೆ ತಾಗಿಸಿ ನಡೆಯಬಹುದು, ದರದಲ್ಲಿ ಸ್ವಲ್ಪ ರಿಯಾಯಿತಿಯೂ ಇದೆ. ಬಿಎಂಟಿಸಿ ಮಾಮೂಲಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಗಂಡಸರು ಕಂಡಕ್ಟರಿಗೆ ಚಿಲ್ಲರೆ ಕೊಟ್ಟು ಅವರ ಆಶೀರ್ವಾದ ಪಡೆಯಬಹುದು.

ತೊಂದರೆ ಆಟೊದ್ದು. ಆ್ಯಪ್ ಇಲ್ಲದೆ ರಾತ್ರಿ ಒಂಬತ್ತರ ಮೇಲೆ ರಸ್ತೆಯಲ್ಲಿ ಆಟೊ ಕೈ ಮಾಡಿ ನಿಲ್ಲಿಸುವುದು, ರೇಟು ಮಾತಾಡುವುದು ಒಂದು ತಪಸ್ಸು. ಮನೆ ಹತ್ತಿರದ ಸ್ಟ್ಯಾಂಡಿನ ಒಬ್ಬಿಬ್ಬರು ಡ್ರೈವರ್‌ಗಳ ನಂಬರನ್ನು ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಅಮ್ಮನ ಫೋನಿನ ಎರಡನೇ ಗುಂಡಿಗೆ ಅಂಥದ್ದೇ ಒಬ್ಬರ ನಂಬರ್ ಇದೆ.

"ರೀಲ್ಸ್ ಚಟ ಬಿಡೋಕೆ ಕೀಪ್ಯಾಡ್ ಫ್ಲಿಪ್‌ಗೆ ಬಂದ್ರೆ ಹೇಗೆ?"

ಈಚೆಗೆ ಐಟಿ ಹುಡುಗರು ಜಾಸ್ತಿ ಕೇಳುವ ಪ್ರಶ್ನೆ. ಚಟ ಕಡಿಮೆಯಾಗುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಆಫೀಸಿನ ಲಾಗಿನ್ ಕೋಡ್ ಕೊಡುವ ಆ್ಯಪ್, ಅಪಾರ್ಟ್‌ಮೆಂಟ್ ಗೇಟಿನ ಆ್ಯಪ್, ಬ್ಯಾಂಕಿನ ಆ್ಯಪ್ ಎಲ್ಲಕ್ಕೂ ಸ್ಮಾರ್ಟ್‌ಫೋನ್ ಬೇಕು. ಎಸ್ಸೆಮ್ಮೆಸ್‌ನಲ್ಲಿ ಬರುವ ಒಟಿಪಿ ಮಾತ್ರ ಕೀಪ್ಯಾಡಿಗೂ ಬರುತ್ತದೆ.

ಹಾಗಾಗಿ ಹೆಚ್ಚಿನವರು ಎರಡು ಫೋನ್ ಇಟ್ಟುಕೊಳ್ಳುತ್ತಾರೆ. ಸ್ಮಾರ್ಟ್‌ಫೋನ್ ಮನೆಯಲ್ಲಿ, ಫ್ಲಿಪ್ ಜೇಬಿನಲ್ಲಿ. ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಯುಪಿಐ ಆ್ಯಪ್ ನೋಂದಣಿ ಮಾಡುವಾಗ ಆ ಫೋನಿನಿಂದಲೇ ಎಸ್ಸೆಮ್ಮೆಸ್ ಹೋಗಬೇಕು. ಸಿಮ್ ಫ್ಲಿಪ್‌ನಲ್ಲಿದ್ದರೆ ಮನೆಯ ಫೋನಿನಲ್ಲಿ ಯುಪಿಐ ಹಾಕಲು ಆಗುವುದಿಲ್ಲ. ವಾಟ್ಸಾಪ್‌ಗೆ ಒಟಿಪಿ ಸಾಕಿತ್ತು, ಆದರೆ ನೋಂದಣಿಯಾದ ಸಿಮ್ ಇರುವ ಫೋನಿನಲ್ಲೇ ಇಂಥ ಆ್ಯಪ್‌ಗಳು ನಡೆಯಬೇಕು ಎಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಕಂಪನಿಗಳಿಗೆ ಹೇಳಿದೆ. ಆದ್ದರಿಂದ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಸ್ಮಾರ್ಟ್‌ಫೋನಿನಲ್ಲೇ ಇರಲಿ. ಫ್ಲಿಪ್‌ಗೆ ಬೇರೆ ಸಿಮ್ ತಗೊಂಡು, ಮನೆಯವರಿಗೆ ಮತ್ತು ಬೇಕಾದವರಿಗೆ ಮಾತ್ರ ಆ ನಂಬರ್ ಕೊಡಿ. ಕರೆಗಳನ್ನು ಹೊಸ ನಂಬರಿಗೆ ಫಾರ್ವರ್ಡ್ ಮಾಡಿದರೂ ಆಯಿತು.

"ಮಗಳು ಅಮೆರಿಕದಿಂದ ಫ್ಲಿಪ್ ತರ್ತೀನಿ ಅಂತಿದ್ದಾಳೆ. ತರಿಸಲಾ?"

ಬೇಡ ಅನ್ನಿ, ಬದಲಿಗೆ ಬಾದಾಮಿ ತರಲಿ. ಅಲ್ಲಿ ಮಾರುವ ಅಗ್ಗದ ಫ್ಲಿಪ್‌ಗಳು ಹೆಚ್ಚಾಗಿ ಅಲ್ಲಿನ ಒಂದು ಕಂಪನಿಯ ಸಿಮ್ಮಿಗೆ ಲಾಕ್ ಆಗಿರುತ್ತವೆ. ಲಾಕ್ ಇಲ್ಲದಿದ್ದರೂ ನಮ್ಮ 4ಜಿಯ ಬ್ಯಾಂಡ್‌ಗಳು, ಅಂದರೆ ಸಿಗ್ನಲ್ ಓಡುವ ತರಂಗಗಳು, ಬೇರೆ. ಜಿಯೊ ಓಡುವುದು 3, 5, 40ನೇ ಬ್ಯಾಂಡ್‌ಗಳ ಮೇಲೆ. ಅದರಲ್ಲಿ 5 ಮಾತ್ರ ಇರುವ ಫೋನಿಗೆ ಅರ್ಧ ಊರಿನಲ್ಲಿ ಸಿಗ್ನಲ್ ಇದ್ದು ಅರ್ಧದಲ್ಲಿ ಇಲ್ಲ ಅನ್ನುವ ಸ್ಥಿತಿ. ಸಿಗ್ನಲ್ ಬಂದರೂ 4ಜಿಯಲ್ಲಿ ಕರೆ ಮಾಡಿಸುವ ವೋಲ್ಟ್‌ಇ ಆನ್ ಆಗದೆ ಕರೆ ಹೋಗದಿರಬಹುದು.

"ಸ್ಕ್ರೀನ್ ಬಿಚ್ಚಿದಾಗ ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ. ಎಸೆಯಲಾ?"

ಎಸೆಯಬೇಡಿ. ಕೀಪ್ಯಾಡ್ ಫ್ಲಿಪ್‌ಗಳಿಗೆ ಬರುವ ಮಾಮೂಲಿ ಕಾಯಿಲೆ ಇದು. ಗುಂಡಿ ಇರುವ ಅರ್ಧದಿಂದ ಸ್ಕ್ರೀನ್ ಇರುವ ಅರ್ಧಕ್ಕೆ ಕೀಲಿನೊಳಗಿಂದ ಒಂದು ತೆಳ್ಳನೆಯ ಪಟ್ಟಿ ಹೋಗಿರುತ್ತದೆ. ರಿಪೇರಿಯವರು ಅದಕ್ಕೆ ಫ್ಲೆಕ್ಸ್ ಅನ್ನುತ್ತಾರೆ. ಬಿಚ್ಚಿ ಮುಚ್ಚಿ ಅದರ ಎಳೆಗಳು ಸವೆಯುತ್ತವೆ. ಒಂದು ಕೋನದಲ್ಲಿ ಹಿಡಿದಾಗ ಸ್ಕ್ರೀನ್ ಬಂದು, ಪೂರ್ತಿ ಬಿಚ್ಚಿದಾಗ ಬೆಳ್ಳಗಾದರೆ ಅದೇ ಅಂತ ತಿಳಿಯಿರಿ. ಎಸ್‌ಪಿ ರೋಡಿನ ಒಳಗಲ್ಲಿಗಳಲ್ಲಿ ಇದನ್ನು ಬದಲಾಯಿಸುವವರು ಇನ್ನೂ ಇದ್ದಾರೆ. ಮಾಡೆಲ್ ನಂಬರ್ ಬರೆದುಕೊಂಡು ಹೋಗಿ. ಬರೀ "ನೋಕಿಯಾ ಫ್ಲಿಪ್" ಅಂದರೆ ಆ ಅಂಗಡಿ ಈ ಅಂಗಡಿ ಅಂತ ಓಡಾಡಿಸುತ್ತಾರೆ. ಭಾನುವಾರ ಹೋಗಬೇಡಿ, ಹೆಚ್ಚಿನ ಬಾಗಿಲು ಮುಚ್ಚಿರುತ್ತವೆ.

## ಮಡಚುವ ಸ್ಮಾರ್ಟ್‌ಫೋನ್ ಬಗ್ಗೆ

"ಮಧ್ಯದಲ್ಲಿ ಮಡಿಕೆ ಕಾಣುತ್ತಲ್ಲ, ತಲೆ ಕೆಡಲ್ವಾ?"

ಮೊದಲ ವಾರ ಕಣ್ಣು ಅಲ್ಲಿಗೇ ಹೋಗುತ್ತದೆ. ಆಮೇಲೆ ಮರೆತುಹೋಗುತ್ತದೆ. ಬಿಸಿಲಿನಲ್ಲಿ ಓರೆಯಾಗಿ ಹಿಡಿದಾಗ, ಬೆಳ್ಳನೆಯ ಪುಟ ಓದುವಾಗ ಕಾಣುತ್ತದೆ. ಬೆರಳಿಗೆ ಮಾತ್ರ ಯಾವಾಗಲೂ ಗೊತ್ತಾಗುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲಿ ಡೆಮೊ ಫೋನಿನ ಮೇಲೆ ಬೆರಳು ಎಳೆದು ನೋಡಿ. ಅದು ಕಿರಿಕಿರಿ ಅನಿಸಿದರೆ ಅಲ್ಲಿಂದಲೇ ವಾಪಸ್ ಬನ್ನಿ.

"ದಿನಾ ನೂರು ಸಲ ಬಿಚ್ಚಿ ಮುಚ್ಚಿದ್ರೆ ಮುರಿದು ಹೋಗಲ್ವಾ?"

ಸ್ಯಾಮ್ಸಂಗ್ ಮೊದಲಿನಿಂದ ಹೇಳಿಕೊಂಡು ಬಂದ ಲೆಕ್ಕ ಎರಡು ಲಕ್ಷ ಸಲ. ದಿನಕ್ಕೆ ನೂರು ಅಂದರೂ ಐದು ವರ್ಷದ ಮೇಲೆ ಬರುತ್ತದೆ. ಆದರೆ ಅದು ಮಷೀನು ಒಂದೇ ಹದದಲ್ಲಿ ಮಡಚಿ ನೋಡಿದ ಲೆಕ್ಕ. ಆ ಮಷೀನಿನ ಜೇಬಿನಲ್ಲಿ ಚಿಲ್ಲರೆ ಕಾಸು, ಸುಪಾರಿ ಚೂರು ಇರುವುದಿಲ್ಲ. ಸಾಮಾನ್ಯವಾಗಿ ಇವು ಕೆಡುವುದು ಮಡಚಿ ಮಡಚಿ ಅಲ್ಲ. ಕೆಳಗೆ ಬಿದ್ದು, ಇಲ್ಲವೇ ಮಧ್ಯೆ ಏನೋ ಸಿಕ್ಕಿಕೊಂಡಿರುವಾಗ ಒತ್ತಿ ಮುಚ್ಚಿ.

ಇನ್ನೊಂದು ಮಾತು. ಹಳೆಯ ಫ್ಲಿಪ್ ತರಹ ಹೆಬ್ಬೆರಳಿನಲ್ಲಿ ಪಟ್ ಅಂತ ಹಾರಿಸಿ ಬಿಚ್ಚಲು ಹೋಗಬೇಡಿ. ಈ ಕೀಲು ಬೇಕೆಂದೇ ಬಿಗಿಯಾಗಿರುತ್ತದೆ, ಅರ್ಧಕ್ಕೆ ನಿಲ್ಲಬೇಕಲ್ಲ. ಎರಡು ಕೈ ಬೇಕು. ಒಂದು ಕೈಯಲ್ಲಿ ಕಾಫಿ ಲೋಟ ಇರುವಾಗ ಕರೆ ಬಂದರೆ ಮುಚ್ಚಿದಂತೆಯೇ ಎತ್ತಿ ಸ್ಪೀಕರಿನಲ್ಲಿ ಮಾತಾಡಬೇಕು. ಪಕ್ಕದವರಿಗೂ ನಿಮ್ಮ ಮನೆ ಸುದ್ದಿ ತಿಳಿಯುತ್ತದೆ.

"ನಮ್ಮೂರ ಧೂಳಿಗೆ ತಡೆಯುತ್ತಾ?"

ಇದು ಬೆಂಗಳೂರಿನವರು ಕೇಳಲೇಬೇಕಾದ ಪ್ರಶ್ನೆ. ಡಬ್ಬಿಯ ಮೇಲೆ ಐಪಿ48 ಅಂತ ಇದ್ದರೆ, ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 4 ಅಂದರೆ 1 ಮಿಲಿಮೀಟರ್‌ಗಿಂತ ದೊಡ್ಡ ಕಣ ಒಳಗೆ ಹೋಗುವುದಿಲ್ಲ ಅಂತ ಅಷ್ಟೇ. ದಪ್ಪ ಮರಳು ಹೋಗದಿರಬಹುದು, ಸಣ್ಣ ಮರಳು, ರಸ್ತೆಗೆ ಕಾಂಕ್ರೀಟ್ ಹಾಕುವ ವೈಟ್ ಟಾಪಿಂಗ್ ಕೆಲಸದ ಸಿಮೆಂಟ್ ಪುಡಿ ಆರಾಮಾಗಿ ಹೋಗುತ್ತವೆ. ಹಳೆಯ ಮಾಡೆಲ್‌ಗಳಲ್ಲಿ ಐಪಿಎಕ್ಸ್8 ಅಂತ ಇರುತ್ತದೆ. ಅಲ್ಲಿ ಎಕ್ಸ್ ಅಂದರೆ ಧೂಳಿನ ಪರೀಕ್ಷೆಯ ಅಂಕಿಯೇ ಕೊಟ್ಟಿಲ್ಲ. ಮಡಚದ ದುಬಾರಿ ಫೋನಿನ ಐಪಿ68ರಲ್ಲಿ ಇರುವ 6 ಪೂರ್ತಿ ಧೂಳು ತಡೆಯುತ್ತದೆ, ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ ಅದೇ.

ಕೀಲಿನೊಳಗೆ ಧೂಳು ಗುಡಿಸಲು ಚಿಕ್ಕ ಬ್ರಷ್ ಎಳೆಗಳನ್ನು ಇಟ್ಟಿರುತ್ತಾರೆ, ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತವೆ. ನೀವು ಮಾಡಬೇಕಾದದ್ದು ಸರಳ. ಧೂಳಿನ ರಸ್ತೆಯಲ್ಲಿ ನಿಂತು ಬಿಚ್ಚಬೇಡಿ. ಮನೆಗೆ ಬಂದು ಒಳಗಿನ ಮಡಿಕೆಯನ್ನು ಕನ್ನಡಕದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಒತ್ತಬೇಡಿ. ಬಿಚ್ಚುವಾಗ ಕರಕರ ಸದ್ದು ಬಂದರೆ ಏನೋ ಸೇರಿದೆ. ಕಂಪ್ರೆಸರ್ ಗಾಳಿ ಹೊಡೆಸಲು ಹೋಗಬೇಡಿ, ಧೂಳು ಇನ್ನೂ ಒಳಗೆ ಹೋಗುತ್ತದೆ.

"ಮಳೆ ಬಂದ್ರೆ?"

ಮಳೆಗೆ ಅಷ್ಟು ಹೆದರಬೇಕಾಗಿಲ್ಲ. 8 ಅಂದರೆ ಸಿಹಿನೀರಿನಲ್ಲಿ ಮುಳುಗಿದರೂ ಸ್ವಲ್ಪ ಹೊತ್ತು ತಡೆಯುತ್ತದೆ. ಸ್ಯಾಮ್ಸಂಗ್ ಹೇಳುವುದು 1.5 ಮೀಟರ್ ಆಳದಲ್ಲಿ 30 ನಿಮಿಷ. ಮೇ ತಿಂಗಳ ಸಂಜೆ ಮಳೆಯಲ್ಲಿ ನೆನೆದರೆ ಒರೆಸಿ, ಬಿಚ್ಚಿಟ್ಟು ಒಣಗಲು ಬಿಡಿ. ಗೋಕರ್ಣಕ್ಕೆ ಹೋದಾಗ ಮಾತ್ರ ಹುಷಾರು. ಉಪ್ಪುನೀರು, ಮರಳು ಎರಡೂ ಇದಕ್ಕೆ ಆಗುವುದಿಲ್ಲ.

"ಮುಚ್ಚಿದ ಹಾಗೇ ಹೊರಗಿನ ಸ್ಕ್ರೀನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಬಹುದಾ?"

ಕೇಳಲು ಚೆಂದ, ಮಾಡಲು ಪೇಚು. ಹೊರಗಿನ ಸ್ಕ್ರೀನೂ ಮುಖ್ಯ ಕ್ಯಾಮೆರಾವೂ ಒಂದೇ ಕಡೆ ಇರುತ್ತವೆ. ಕ್ಯಾಮೆರಾವನ್ನು ಕ್ಯೂಆರ್ ಕಡೆ ತಿರುಗಿಸಿದರೆ ಸ್ಕ್ರೀನೂ ಅತ್ತಲೇ ತಿರುಗುತ್ತದೆ. ನಿಮಗೆ ಕಾಣುವುದು ಫೋನಿನ ಬೆನ್ನು. ಎಳನೀರಿನ ಗಾಡಿಯ ಮುಂದೆ ಕತ್ತು ಸೊಟ್ಟ ಮಾಡಿ ಸರ್ಕಸ್ ಮಾಡುವುದಕ್ಕಿಂತ ಬಿಚ್ಚಿಯೇ ಸ್ಕ್ಯಾನ್ ಮಾಡಿ. ದಿನಕ್ಕೆ ಹತ್ತು ಕಡೆ ಯುಪಿಐ ಮಾಡುವವರಿಗೆ ಇದು ನಿಜವಾದ ಕಿರಿಕಿರಿ, ಆದರೆ ಯಾವ ಜಾಹೀರಾತಿನಲ್ಲೂ ಇದು ಬರುವುದಿಲ್ಲ.

ತೋರಿಸುವ ಕೆಲಸಕ್ಕೆ ಹೊರಗಿನ ಸ್ಕ್ರೀನ್ ತುಂಬಾ ಚೆನ್ನಾಗಿದೆ. ಮೆಟ್ರೊದ ಕ್ಯೂಆರ್ ಟಿಕೆಟನ್ನು ಅಲ್ಲೇ ತೆರೆದು ಗೇಟಿಗೆ ಹಿಡಿಯಬಹುದು. ಮೊಟೊರೊಲಾದಲ್ಲಿ ಹೆಚ್ಚಿನ ಆ್ಯಪ್‌ಗಳು ಹೊರಗೇ ತೆರೆಯುತ್ತವೆ. ಸ್ಯಾಮ್ಸಂಗ್‌ನಲ್ಲಿ ಅದಕ್ಕೆ ಗುಡ್ ಲಾಕ್ ಅನ್ನುವ ಅವರದೇ ಆ್ಯಪ್ ಹಾಕಿಕೊಳ್ಳಬೇಕು.

"ಬ್ಯಾಟರಿ ಸಂಜೆ ತನಕ ಬರುತ್ತಾ?"

ಝಡ್ ಫ್ಲಿಪ್ 7ರಲ್ಲಿ 4,300 ಎಂಎಎಚ್, ರೇಜರ್ 60ರಲ್ಲಿ 4,500. ಅದರ ಅರ್ಧ ಬೆಲೆಯ ಮಡಚದ ಫೋನುಗಳಲ್ಲೂ 5,000ದ ಮೇಲೆ ಇರುತ್ತದೆ. ಎರಡು ಅರ್ಧಕ್ಕೂ ಬ್ಯಾಟರಿ ಹಂಚಬೇಕು, ಜಾಗ ಇಲ್ಲ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಬರುತ್ತದೆ. ಸಿಲ್ಕ್ ಬೋರ್ಡಿನಲ್ಲಿ ಮ್ಯಾಪ್ ಹಾಕಿಕೊಂಡು ಒಂದೂವರೆ ಗಂಟೆ ನಿಂತು, ಮೇಲೆ ಹಾಟ್‌ಸ್ಪಾಟ್ ಕೊಟ್ಟು ಮೀಟಿಂಗ್ ಮಾಡುವವರಿಗೆ ಬರುವುದಿಲ್ಲ.

"ಕ್ಯಾಮೆರಾ ಹೇಗೆ?"

ಸೆಲ್ಫಿಗೆ ಇದನ್ನು ಮೀರಿಸುವುದು ಇಲ್ಲ. ಮುಚ್ಚಿಟ್ಟು ಮುಖ್ಯ ಕ್ಯಾಮೆರಾದಲ್ಲೇ ನಿಮ್ಮನ್ನು ನೀವು ನೋಡಿಕೊಂಡು ತೆಗೆಯಬಹುದು. ಅರ್ಧ ಬಿಚ್ಚಿ ಕಟ್ಟೆಯ ಮೇಲಿಟ್ಟರೆ ಸ್ಟ್ಯಾಂಡ್ ಬೇಡ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಮನೆಯವರೆಲ್ಲ ಒಂದೇ ಫೋಟೊದಲ್ಲಿ ಬಂದದ್ದು ನಮ್ಮಲ್ಲಿ ಇದರಿಂದಲೇ. ದೂರದ್ದು ತೆಗೆಯಲು ಮಾತ್ರ ಸೊನ್ನೆ. ಝಡ್ ಫ್ಲಿಪ್‌ನಲ್ಲಿ ಟೆಲಿಫೋಟೊ ಲೆನ್ಸೇ ಇಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಹಿಂದಿನ ಸಾಲಿನಿಂದ ಮಗುವಿನ ಡ್ಯಾನ್ಸ್ ತೆಗೆಯಬೇಕಾದವರು ಬೇರೆ ಫೋನ್ ನೋಡಿ.

"ಸ್ಕೂಟರ್ ಹ್ಯಾಂಡಲ್ ಹೋಲ್ಡರಿಗೆ ಹಾಕಬಹುದಾ?"

ಹಾಕಬೇಡಿ. ಹೋಲ್ಡರಿನ ಕೈಗಳು ಸರಿಯಾಗಿ ಕೀಲಿನ ಮೇಲೇ ಒತ್ತುತ್ತವೆ. ಗುಂಡಿ ರಸ್ತೆಯ ಅದುರಾಟ ಕ್ಯಾಮೆರಾದ ಒಳಗಿನ ಅಲುಗಾಡುವ ಭಾಗಕ್ಕೂ ಒಳ್ಳೆಯದಲ್ಲ, ಇದು ಎಲ್ಲ ಫೋನಿಗೂ ಅನ್ವಯ. ಡೆಲಿವರಿ ಕೆಲಸದವರಿಗೆ, ಬೈಕ್ ಟ್ಯಾಕ್ಸಿ ಓಡಿಸುವವರಿಗೆ ಮಡಚುವ ಫೋನ್ ಖಂಡಿತ ಅಲ್ಲ.

"ಅಪ್ಪನಿಗೆ ಪೇಸ್‌ಮೇಕರ್ ಇದೆ. ತೊಂದರೆ ಇದೆಯಾ?"

ಹುಷಾರಾಗಿರಬೇಕು. ಮುಚ್ಚಿದ್ದು ಬಿಚ್ಚಿದ್ದು ಗೊತ್ತಾಗಲಿ, ಮುಚ್ಚಿದಾಗ ಗಟ್ಟಿಯಾಗಿ ಕೂರಲಿ ಅಂತ ಇವುಗಳಲ್ಲಿ ಆಯಸ್ಕಾಂತ ಇರುತ್ತದೆ. ದೇಹದೊಳಗೆ ಇಂಥ ಸಾಧನ ಇರುವವರು ಫೋನನ್ನು 15 ಸೆಂಟಿಮೀಟರ್‌ಗಿಂತ ದೂರ ಇಡಬೇಕು. ಅಂದರೆ ಶರ್ಟಿನ ಎದೆ ಜೇಬು ಬೇಡವೇ ಬೇಡ. ಫ್ಲಿಪ್ ಹೊಂದುವುದೇ ಆ ಜೇಬಿಗೆ, ಆದ್ದರಿಂದ ಮೊದಲೇ ಹೇಳಿಬಿಡಿ. ಅವರ ಹೃದಯದ ಡಾಕ್ಟರನ್ನು ಕೇಳಿಯೇ ಕೊಡಿಸಿ.

## ರಿಪೇರಿ, ಸೆಕೆಂಡ್ ಹ್ಯಾಂಡ್, ಉಳಿದದ್ದು

"ಒಳಗಿನ ಸ್ಕ್ರೀನ್ ಹೋದ್ರೆ ಎಷ್ಟು ಬೀಳುತ್ತೆ?"

ಒಂದು ಒಳ್ಳೆಯ ಮಾಮೂಲಿ ಫೋನಿನ ಬೆಲೆ ಬೀಳುತ್ತದೆ. ಬಾಗುವ ಗಾಜು ಕೂದಲೆಳೆಯಷ್ಟು ತೆಳು, ಮೊದಲ ಝಡ್ ಫ್ಲಿಪ್‌ನಲ್ಲಿ ಅದು 30 ಮೈಕ್ರಾನ್ ಇತ್ತು. ಗಾಜು ಮಾತ್ರ ಬದಲಾಯಿಸಲು ಆಗುವುದಿಲ್ಲ, ಇಡೀ ಸ್ಕ್ರೀನ್ ಹಾಕಬೇಕು. ಗಲ್ಲಿ ಅಂಗಡಿಯಲ್ಲಿ ಒರಿಜಿನಲ್ ಸಿಗುವುದು ಕಷ್ಟ, ಸಿಕ್ಕರೂ ಹಾಕಿದ ಮೇಲೆ ನೀರಿನ ರಕ್ಷಣೆ ಮುಗಿದಂತೆ. ಕೈ ಜಾರಿ ಬಿದ್ದರೆ ವಾರಂಟಿ ಇಲ್ಲ. ಹೊಸದು ಕೊಳ್ಳುವಾಗಲೇ ಕಂಪನಿಯ ಸ್ಕ್ರೀನ್ ಇನ್ಶೂರೆನ್ಸ್ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ. ಆ ಮೊತ್ತ ಜಾಸ್ತಿ ಅನಿಸಿದರೆ ಫೋನೇ ಜಾಸ್ತಿ ಅಂತ ಅರ್ಥ.

"ಒಳಗಿನ ಪ್ಲಾಸ್ಟಿಕ್ ಹಾಳೆ ಮಧ್ಯದಲ್ಲಿ ಎದ್ದಿದೆ. ಕಿತ್ತು ಬಿಡಲಾ?"

ಕೀಳಬೇಡಿ! ಅದು ಹೊಸ ಫೋನಿನ ಮೇಲೆ ಸುಮ್ನೆ ಅಂಟಿಸಿ ಕಳಿಸುವ ಹಾಳೆ ಅಲ್ಲ, ಸ್ಕ್ರೀನಿನ ರಕ್ಷಣೆಗೇ ಹಾಕಿದ್ದು. ಉಗುರು ಹಾಕಿ ಎಳೆದರೆ ಕೆಳಗಿನ ಗಾಜಿನ ಕತೆ ಮುಗಿಯುತ್ತದೆ. ಒಂದೆರಡು ವರ್ಷಕ್ಕೆ ಮಡಿಕೆಯ ಹತ್ತಿರ ಗಾಳಿ ಗುಳ್ಳೆ ಏಳುವುದು ಮಾಮೂಲಿ. ಸರ್ವಿಸ್ ಸೆಂಟರಿನಲ್ಲಿ ಹಾಳೆ ಬದಲಾಯಿಸುತ್ತಾರೆ. ಕೊಡುವ ಮುಂಚೆ ಅವರ ಮುಂದೆಯೇ ಸ್ಕ್ರೀನಿನ ವಿಡಿಯೊ ತೆಗೆದುಕೊಳ್ಳಿ. ಪರಿಚಯದವರೊಬ್ಬರಿಗೆ ಒಂದು ಕಡೆ ಹಾಳೆ ಬದಲಾಯಿಸಲು ಕೊಟ್ಟ ಫೋನಿಗೆ "ಸ್ಕ್ರೀನ್ ಮೊದಲೇ ಹೋಗಿತ್ತು" ಅಂದಿದ್ದರು. ವಿಡಿಯೊ ಇದ್ದದ್ದರಿಂದ ಜಗಳ ಐದು ನಿಮಿಷಕ್ಕೆ ಮುಗಿಯಿತು.

"ಸೆಕೆಂಡ್ ಹ್ಯಾಂಡ್ ಅರ್ಧ ಬೆಲೆಗೆ ಸಿಗ್ತಿದೆ. ಏನು ನೋಡ್ಬೇಕು?"

ಮೊದಲು ಮೇಜಿನ ಮೇಲೆ ಪೂರ್ತಿ ಬಿಚ್ಚಿ ಇಡಿ. ಸಪಾಟಾಗಿ ಕೂರದೆ ಸ್ವಲ್ಪ ಎದ್ದಿದ್ದರೆ ಕೀಲಿನಲ್ಲಿ ಏನೋ ಇದೆ. ಬಿಳಿ ಚಿತ್ರವೊಂದನ್ನು ಪೂರ್ತಿ ಸ್ಕ್ರೀನಿಗೆ ಹಾಕಿ ಮಡಿಕೆಯ ಉದ್ದಕ್ಕೂ ಕಪ್ಪು ಚುಕ್ಕೆ ಹುಡುಕಿ. ಸಾಸಿವೆಯಷ್ಟು ಇದ್ದರೂ ಬಿಟ್ಟುಬಿಡಿ, ಅದು ದಿನೇ ದಿನೇ ಹರಡುತ್ತದೆ. ಆಮೇಲೆ ಒಂದು ಆ್ಯಪ್ ಐಕಾನನ್ನು ಹಿಡಿದು ಮಡಿಕೆಯ ಮೇಲೆ ನಿಧಾನವಾಗಿ ಎಳೆಯಿರಿ. ಮಧ್ಯದಲ್ಲಿ ಕೈ ತಪ್ಪಿದರೆ ಅಲ್ಲಿ ಟಚ್ ಸತ್ತಿದೆ. ಇಪ್ಪತ್ತು ಸಲ ಬಿಚ್ಚಿ ಮುಚ್ಚಿ ಸದ್ದು ಕೇಳಿ, ಅಂಗಡಿಯವರು ಮುಖ ಗಂಟಿಕ್ಕಿದರೂ ಪರವಾಗಿಲ್ಲ.

ನಂತರ *#06# ಒತ್ತಿದರೆ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್, ಬರುತ್ತದೆ. ಕೆವೈಎಂ ಅನ್ನುವ ಮೂರು ಅಕ್ಷರವನ್ನು ಇಂಗ್ಲಿಷಿನಲ್ಲಿ ಹಾಕಿ, ಜಾಗ ಬಿಟ್ಟು ಆ ನಂಬರ್ ಬರೆದು 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಕಳವು ಎಂದು ಬ್ಲಾಕ್ ಆಗಿದ್ದರೆ ತಿಳಿಯುತ್ತದೆ. ಬಿಲ್ ಇಲ್ಲದ ಫೋನನ್ನು ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

"ಕಳೆದುಹೋದ್ರೆ ಏನ್ ಮಾಡೋದು?"

ಎಲ್ಲ ಫೋನಿನಂತೆಯೇ. ರಾಜ್ಯ ಪೊಲೀಸರ ಇ-ಲಾಸ್ಟ್‌ನಲ್ಲಿ ದೂರು ದಾಖಲಿಸಿ, ಅದೇ ನಂಬರಿನ ಹೊಸ ಸಿಮ್ ತಗೊಂಡು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ಐಎಂಇಐ ಬ್ಲಾಕ್ ಮಾಡಿ. ಕೀಪ್ಯಾಡ್ ಫೋನಿಗೂ ಐಎಂಇಐ ಇರುತ್ತದೆ, ಡಬ್ಬಿ ಎಸೆಯಬೇಡಿ.

"ಹೋದ ವರ್ಷದ ಮಾಡೆಲ್ ತಗೊಳ್ಳಲಾ, ಹೊಸದಕ್ಕೆ ಕಾಯಲಾ?"

ಹಿಂದಿನ ವರ್ಷದ್ದೇ ಲೇಸು, ಆದರೆ ಎಷ್ಟು ಹಿಂದಿನದು ಅಂತ ನೋಡಿ. ಸ್ಯಾಮ್ಸಂಗ್ ಝಡ್ ಫ್ಲಿಪ್ 6ರಿಂದ ಏಳು ವರ್ಷ ಸಾಫ್ಟ್‌ವೇರ್ ಕೊಡುವುದಾಗಿ ಹೇಳಿದೆ. 2023ರ ಝಡ್ ಫ್ಲಿಪ್ 5ಕ್ಕೆ ಐದೇ ವರ್ಷ. ಹಾಗಾಗಿ ಬೆಲೆ ಇಳಿದ 6 ಸಿಕ್ಕರೆ ಬಿಡಬೇಡಿ, 5ಕ್ಕೆ ಚೌಕಾಸಿ ಮಾಡಿ, 3 ಮತ್ತು 4ರ ತಂಟೆಗೆ ಹೋಗಬೇಡಿ. ಹೊಸ ಝಡ್ ಫ್ಲಿಪ್ ಸಾಮಾನ್ಯವಾಗಿ ಜುಲೈ, ಆಗಸ್ಟ್ ಹೊತ್ತಿಗೆ ಬರುತ್ತದೆ. ಹಳೆಯದರ ಬೆಲೆ ಇಳಿಯುವುದು ಅದರ ಹಿಂದೆಯೇ, ದಸರಾ ದೀಪಾವಳಿ ಮಾರಾಟದಲ್ಲಿ.